ತಾರಸಿ ಅಕ್ಕನ ತಟ್ಟೆಮರ

ಅಕ್ಕನ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಗೆರೆ ಇತ್ತು. ಅದು ಚಾಕು ತಗುಲಿದ ಗುರುತಲ್ಲ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತು, ಹರಿದ ಎಳೆಗಳನ್ನು ಗಂಟು ಹಾಕಿ ಹಾಕಿ, ರೇಷ್ಮೆ ದಾರವೇ ಕೊರೆದ ಕಾಲುವೆ. ಆ ಗೆರೆಯೊಳಗೆ ಯಾವಾಗಲೂ ಕೆಮ್ಮಣ್ಣು ಕೂತಿರುತ್ತಿತ್ತು, ಎಷ್ಟು ತೊಳೆದರೂ ಹೋಗದು. ಹುಣಸೆ ಬೀಜವನ್ನು ಆ ಗೆರೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಬೀಜ ಅಲುಗುತ್ತಿರಲಿಲ್ಲ.

ಈಗ ನನ್ನ ಮೊಮ್ಮಗಳು ನನ್ನ ಬೆರಳು ಹಿಡಿದುಕೊಂಡಾಗಲೆಲ್ಲ ಆ ಬೆರಳು ಕಣ್ಣಿಗೆ ಬರುತ್ತದೆ. ಹೌದು, ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮಗ ಸೊಸೆಗೆ ಮದುವೆಯಾಗಿ ಹನ್ನೊಂದನೇ ವರ್ಷಕ್ಕೆ. ಐದು ತಿಂಗಳ ಕೂಸು, ಈಗಲೇ ನನ್ನ ಮೀಸೆ ಕಿತ್ತು ಸಾಕುಸಾಕು ಮಾಡಿದ್ದಾಳೆ. ಹಾಲಿನವನಿಗೆ ಹೇಳಿದೆ, ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಿದೆ, ತಪ್ಪು ನಂಬರಿಗೆ ಫೋನು ಮಾಡಿದ ಯಾರೋ ಹೆಂಗಸಿಗೂ ಹೇಳಿದೆ. "ಒಳ್ಳೇದಾಗ್ಲಿ ತಾತಾ" ಅಂದಳು ಪಾಪ. ಹೇಳಲೇಬೇಕಾದ ಒಬ್ಬಳಿಗೆ ಮಾತ್ರ ಹೇಳಲಾಗಲಿಲ್ಲ. ಅವಳ ವಿಷಯವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹುಣಸೆ ಮರ ಹತ್ತಿ ಬದುಕಿದವನು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಯವರೆಗೆ ರಸ್ತೆ ಬದಿ, ಹೊಲದ ಬದು, ಎಲ್ಲೆಲ್ಲಿ ಹುಣಸೆ ಮರವಿತ್ತೋ ಅಲ್ಲೆಲ್ಲ ಗುತ್ತಿಗೆ ಹಿಡಿದು, ಹತ್ತಿ, ಕೊಂಬೆ ಕುಲುಕಿ ಹಣ್ಣು ಉದುರಿಸಿದವನು. ತುದಿಯ ಕವಲಿನಲ್ಲಿ ಕೂತು ಬೀಡಿ ಹಚ್ಚಿದರೆ ನಂದಿ ಬೆಟ್ಟ ಎದುರಿಗೇ ಕಾಣುತ್ತಿತ್ತು. ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಒಣಗಿದ ಕೊಂಬೆಯನ್ನು ಹಸಿಯೆಂದು ನಂಬಿ ಕಾಲಿಟ್ಟೆ. ಬಿದ್ದೆ. ಸೊಂಟಕ್ಕೆ ರಾಡು ಹಾಕಿದರು.

ನಮ್ಮದು ಮೊದಲನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಮಾಲೀಕರ ಆರು ಮಗ್ಗ. ಬೆಳಗಾದರೆ ಟಕಟಕ ಶುರು, ನೆಲವೇ ನಡುಗುತ್ತದೆ. ಮೆಟ್ಟಿಲು ಹೊರಗಡೆ, ಏಣಿಯಷ್ಟು ಕಡಿದಾಗಿದೆ, ಹಿಡಿದುಕೊಳ್ಳಲು ಕಂಬಿ ಇಲ್ಲ. ನಾನು ಇಳಿಯಬೇಕೆಂದರೆ ಇಬ್ಬರು ಹಿಡಿಯಬೇಕು. ಮಗ ಕಾರ್ಖಾನೆಗೆ, ಸೊಸೆ ಗಾರ್ಮೆಂಟ್ಸಿಗೆ, ಹೆಂಡತಿ ಕೆಳಗೆ ನೂಲು ಸುತ್ತಲು ಹೋದ ಮೇಲೆ ಉಳಿಯುತ್ತಿದ್ದುದು ನಾನು, ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಆ ಗೋಡೆಯಲ್ಲಿ ಸುಣ್ಣ ಎಲ್ಲೆಲ್ಲಿ ಉದುರಿತ್ತೆಂದು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಆಕಾಶ ನೋಡಬೇಕಾದರೆ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಕತ್ತು ತಿರುಗಿಸಬೇಕಿತ್ತು. ಮರದ ತುದಿಯಲ್ಲಿ ಕೂತವನಿಗೆ ಅಂಗೈಯಗಲ ಆಕಾಶ.

ತಾರಸಿಯ ಮೇಲೆ ಶೀಟಿನ ಒಂದೇ ಕೋಣೆಯಲ್ಲಿ ಅಕ್ಕ ಇದ್ದಳು. ಒಂಟಿ ಹೆಂಗಸು, ನನಗಿಂತ ಐದಾರು ವರ್ಷ ದೊಡ್ಡವಳು, ಅದಕ್ಕೇ ಅಕ್ಕ ಅನ್ನುತ್ತಿದ್ದೆ. ಮಗ್ಗ ಬಿಟ್ಟ ಮೇಲೆ ದೇವನಹಳ್ಳಿ ಕಡೆಯ ಒಂದು ತೋಟದ ಮನೆಯಲ್ಲಿ ಗಿಡಕ್ಕೆ ನೀರು ಹಾಕುವ ಕೆಲಸದಲ್ಲಿದ್ದವಳು. ಆ ಮನೆಯಮ್ಮ ಮರಗಳನ್ನು ತಟ್ಟೆಯಲ್ಲಿ ಬೆಳೆಸುತ್ತಿದ್ದರಂತೆ, ಬೋನ್ಸಾಯ್ ಅನ್ನುತ್ತಿದ್ದರಂತೆ. ಅಕ್ಕ ಯಾರನ್ನೂ ಕೇಳದೆ ನೋಡಿ ನೋಡಿಯೇ ಕಲಿತಳು. ಅವಳ ಬಾಯಲ್ಲಿ ಅದು ಬೋನ್ಸಾಯ್ ಅಲ್ಲ, ತಟ್ಟೆಮರ.

ನಮ್ಮ ಬಾಗಿಲ ಮುಂದೆಯೇ ಅವಳು ಹತ್ತಿ ಇಳಿಯಬೇಕು. ಒಂದು ದಿನ ನಿಂತು ಕೇಳಿದಳು.

"ಏನ್ ಮರದಯ್ಯಾ, ಗೋಡೆ ಓದಿ ಮುಗೀತಾ?"

ಕೈಯಲ್ಲಿ ಒಂದು ತಟ್ಟೆ. ತಟ್ಟೆಯಲ್ಲಿ ಗೇಣುದ್ದದ ಆಲದ ಮರ. ಗಿಡ ಅಲ್ಲ, ಮರ. ಬುಡ ದಪ್ಪಗಿದೆ, ಕೊಂಬೆ ಹರಡಿದೆ, ಎರಡು ಬಿಳಲು ಬೇರೆ. ನಾನು ಮಂಚದಿಂದಲೇ ಬಗ್ಗಿ, ಅದರ ಮೇಲೆ ಹತ್ತುವುದಾದರೆ ಮೊದಲು ಕಾಲು ಎಲ್ಲಿಡಬೇಕು ಅಂತ ನೋಡುತ್ತಿದ್ದೆ. ಅವಳಿಗೆ ಗೊತ್ತಾಗಿಹೋಯಿತು.

"ಹತ್ತೀಯಾ?" ಅಂದಳು. ಇಬ್ಬರೂ ನಕ್ಕೆವು. ಬಿದ್ದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ನನಗೂ ಒಂದು ಬೇಕು, ಹುಣಸೆಯದು, ಅಂದೆ.

"ಬೀಜದಿಂದ ಎಬ್ಬಿಸಬೇಕು. ನಾನು ಬೆಳೆದಿದ್ದನ್ನ ಕೊಡಲ್ಲ."

"ಅರವತ್ತು ಆಗೋಯ್ತು ಅಕ್ಕಾ. ಬೀಜದಿಂದ ಶುರು ಮಾಡಿದ್ರೆ ಅದು ಮರ ಆಗೋ ಹೊತ್ಗೆ ನಾನ್ ಇರ್ತೀನೋ ಇಲ್ವೋ."

"ಬೀಜ ಕೇಳ್ತಾ ನಿನ್ನ?"

"ಸರಿ, ಯಾವಾಗ ಹಾಕ್ಲಿ?"

"ಭರಣಿ ಬರ್ಲಿ."

ಆಗಿನ್ನೂ ಶಿವರಾತ್ರಿಯ ಚಳಿ. ಭರಣಿ ಮಳೆಗೆ ಎರಡು ತಿಂಗಳು. ಮಾಡಲು ಕೆಲಸವಿಲ್ಲದವನಿಗೆ ಎರಡು ತಿಂಗಳು ಕಾಯಿರಿ ಅಂದರೆ? ಹೆಂಡತಿ ಹುಣಸೆಹಣ್ಣು ಬಿಡಿಸುವಾಗ ಎಂಟು ಬೀಜ ಕದ್ದು, ಒಂದು ಡಬ್ಬಿಯಲ್ಲಿ ಹಾಕಿ, ದಿನಕ್ಕೆ ನಾಲ್ಕು ಸಲ ನೀರು ಹುಯ್ದೆ. ಇಪ್ಪತ್ತು ದಿನವಾದರೂ ಏನೂ ಏಳಲಿಲ್ಲ. ಅಗೆದು ನೋಡಿದರೆ ಎಂಟೂ ಕೊಳೆತು ಮೆತ್ತಗಾಗಿದ್ದವು.

ಅಕ್ಕ ಡಬ್ಬಿ ಮೂಸಿ ನೋಡಿ, "ನಿನ್ನ ಬೇಜಾರನ್ನೆಲ್ಲ ಅದರ ಮೇಲೆ ಹುಯ್ದಿದೀಯ" ಅಂದಳು. ಆಮೇಲೆ ಕೂತು ಬಿಡಿಸಿ ಹೇಳಿದಳು. ಚಳಿಯಲ್ಲಿ ಬೀಜ ಏಳದೆ ನೀರು ಕುಡಿದು ಸಾಯುತ್ತದೆ. ಅದಕ್ಕೂ ಮುಂಚಿನ ಅಶ್ವಿನಿ ಮಳೆಯಲ್ಲಿ ಒಂದೆರಡು ಹನಿ ಬಿದ್ದರೂ ಆಸೆಪಡಬಾರದು, ಆಗಿನ್ನೂ ಡಬ್ಬಿಯ ಮಣ್ಣು ಕಾದ ಹೆಂಚು. ಭರಣಿಯಲ್ಲಿ ಹಾಕಿದರೆ ಮುಂದೆ ರೋಹಿಣಿ, ಮೃಗಶಿರ ಅಂತ ಸಾಲಾಗಿ ಮಳೆ ಸಿಗುತ್ತದೆ. ಮತ್ತೆ ಚಳಿ ಬರುವ ಹೊತ್ತಿಗೆ ಕಾಂಡ ಗಟ್ಟಿಯಾಗಿರುತ್ತದೆ. "ಮೊದಲ್ನೇ ಚಳಿ ದಾಟಿಸ್ಬಿಟ್ರೆ ಆಮೇಲೆ ಅದೇ ನಿನ್ನ ದಾಟಿಸ್ತದೆ" ಅಂದಳು.

ಭರಣಿ ಹುಟ್ಟಿದ ಮೂರನೇ ದಿನ ಮಳೆ ಬಂತು. ಬೀಜದ ಒಂದು ಅಂಚನ್ನು ಮೆಟ್ಟಿಲ ಕಲ್ಲಿಗೆ ಉಜ್ಜಿ, ಒಂದು ದಿನ ನೀರಲ್ಲಿ ನೆನೆಹಾಕಿ, ಅದರ ದಪ್ಪದಷ್ಟೇ ಆಳಕ್ಕೆ ಹೂತೆವು. ಹತ್ತನೇ ದಿನ ಮಣ್ಣು ಬಿರಿದು, ಕತ್ತು ಬಗ್ಗಿಸಿಕೊಂಡು ಒಂದು ಮೊಳಕೆ ಎದ್ದಿತು. ಸಾವಿರಾರು ಮರ ಹತ್ತಿದ್ದೆ, ಹುಣಸೆ ಹುಟ್ಟುವುದನ್ನು ಅದುವರೆಗೆ ನೋಡಿರಲಿಲ್ಲ.

ನಾಲ್ಕು ಗರಿ ಬಂದಾಗ ಅಕ್ಕ ಅದನ್ನು ಮಣ್ಣಿಂದ ಎತ್ತಿ, ಮಗ್ಗದಲ್ಲಿ ಎಳೆ ಕತ್ತರಿಸುತ್ತಿದ್ದ ಪುಟ್ಟ ಕತ್ತರಿ ನನ್ನ ಕೈಗಿಟ್ಟು, "ತಾಯಿಬೇರು ಕತ್ತರಿಸು" ಅಂದಳು.

"ಅಯ್ಯೋ, ತಾಯಿಬೇರು ಹೋದ್ರೆ ಗಾಳಿಗೆ ಮರ ಬಿದ್ದೋಯ್ತದೆ ಅಕ್ಕಾ!"

"ನಿನ್ನ ತಟ್ಟೇಲಿ ಯಾವ ಬಿರುಗಾಳಿ ಬೀಸ್ತದಯ್ಯಾ? ಕತ್ತರಿಸು. ಸುತ್ತ ಸಣ್ಣ ಬೇರು ಬರ್ತವೆ, ಅವು ಹಿಡ್ಕೋತವೆ."

ಕತ್ತರಿಯನ್ನು ಬೇರಿಗೆ ತಾಗಿಸಿ ಹಿಡಿದೆ. ಅವಳು ಆ ಗೆರೆಯ ಬೆರಳಿನಿಂದ ನನ್ನ ಬೆರಳನ್ನು ಒತ್ತಿದಳು. ಕಟ್ ಅಂತು.

ಗಿಡಕ್ಕೆ ಬಿಸಿಲು ಬೇಕಲ್ಲ, ಅದು ತಾರಸಿಯಲ್ಲೇ ಇರಬೇಕಾಯಿತು. ನೋಡುವ ಆಸೆ. ಹನ್ನೆರಡು ಮೆಟ್ಟಿಲು. ಒಂದು ದಿನ ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೈಯೂರಿ, ಕುಂಡೆ ಎತ್ತಿ ಎತ್ತಿ ಇಡುತ್ತಾ ಹತ್ತಿಯೇಬಿಟ್ಟೆ. ಮುಕ್ಕಾಲು ಗಂಟೆ ಹಿಡಿಯಿತು. ಅಕ್ಕ ಮೇಲೆ ನಿಂತು ನೋಡುತ್ತಿದ್ದಳೇ ಹೊರತು ಕೈ ಕೊಡಲಿಲ್ಲ. ತಲುಪಿದ ಮೇಲೆ ಒಂದು ಲೋಟ ನೀರು ಕೊಟ್ಟು, "ಇವತ್ತಿನ ಫಸಲೇನಪ್ಪಾ?" ಅಂದಳು. ಎದುರಿಗೆ ನಂದಿ ಬೆಟ್ಟ ಇತ್ತು. ಅಲ್ಲಿಂದ ದಿನವೂ ಹತ್ತಿದೆ.

ಮೂರನೇ ವರ್ಷ ಕೊಂಬೆಗಳಿಗೆ ಬಾಗು ಕೊಡಲು, ಸುಟ್ಟುಹೋದ ಮಗ್ಗದ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ಸುತ್ತಿದೆವು. ಹುಣಸೆ ಗಾಳಿಗೆ ಓಲಿದ ಹಾಗೆ ಕಾಣತೊಡಗಿತು. ಊಟದ ಹೊತ್ತಿಗೆ ಸೊಸೆಯ ಕೈಲಿ ಕೆಳಗೆ ತರಿಸಿ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದೆ. ಆಗಲೇ ನನ್ನ ತಂಗಿ ಬಂದದ್ದು. ಅವಳನ್ನು ಕೊಟ್ಟಿರುವುದು ನೆಲಮಂಗಲ ಕಡೆಗೆ. ಕೆಟ್ಟವಳಲ್ಲ, ನನ್ನ ಮಗನಿಗೆ ಕೂಸಾಗಲೆಂದು ಶಿವಗಂಗೆ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿ ಬಂದವಳು. ಗಿಡ ನೋಡಿದ್ದೇ ಎದೆಗೆ ಕೈ ಇಟ್ಟಳು.

"ಅಣ್ಣಾ, ಇದೇನ್ ಮಾಡ್ಕಂಡಿದೀಯ? ಬೆಳೆಯೋ ಮರಾನ ಹಿಂಡಿ ಗಿಡ್ಡ ಮಾಡಿ ಮನೆಯೊಳಗಿಟ್ಟವ್ನಲ್ಲಾ, ವಂಶ ಹೆಂಗ್ ಬೆಳೀತದೆ? ಏಳು ವರ್ಷ ಆಯ್ತು ಮಕ್ಕಳ ಮದುವೆಯಾಗಿ. ಈಗ ಗೊತ್ತಾಯ್ತು ಬಿಡು."

ಗಿಡಕ್ಕೆ ಮೂರೇ ವರ್ಷ, ಮದುವೆಗೆ ಏಳು ವರ್ಷ ಅನ್ನುವ ಲೆಕ್ಕ ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಹೆಂಡತಿ ನನ್ನನ್ನು ನೋಡಿದಳು. ಸೊಸೆ ತಟ್ಟೆ ತೊಳೆಯಲು ಎದ್ದು ಹೋದಳು.

ನನ್ನ ತಲೆ ಕೆಟ್ಟಿತು. ಕಾಯಿ ಕಂಡರೆ ಮಾತ್ರ ಮರ ಅನ್ನುವ ಕಸುಬಿನವನು ನಾನು. ಗಿಡ ಗಿಡ್ಡವಾಗಿರುವುದೇ ದೋಷವಾದರೆ ಅದನ್ನು ಬೆಳೆಸಿಬಿಟ್ಟರಾಯಿತಲ್ಲ! ಅಕ್ಕ ತನ್ನ ತಮ್ಮನ ಊರಿಗೆ ಹೋಗಿದ್ದ ವಾರ ನೋಡಿಕೊಂಡು, ಹಾಲಿನವನ ಕೈಲಿ ಒಂದು ಚೀಲ ಕುರಿಗೊಬ್ಬರ ತರಿಸಿದೆ. ತಂತಿ ಕಿತ್ತೆ. ಗಿಡ ಎತ್ತಿ ಚೀಲದೊಳಗೆ ಗೊಬ್ಬರದ ಮಧ್ಯೆ ನೆಟ್ಟು, ಬೆಳಿ ತಾಯಿ, ಬೆಳಿ, ಅಂತ ನೀರು ಹುಯ್ದೆ. ಗೊಬ್ಬರ ಹಸಿಯದು. ನಾಲ್ಕೇ ದಿನಕ್ಕೆ ಎಲೆಯೆಲ್ಲ ಸುಟ್ಟು ಉದುರಿತು.

ಅಕ್ಕ ಬಂದವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಚೀಲ ಬಗ್ಗಿಸಿ, ಬೇರು ತೊಳೆದು, ಸುಟ್ಟಿದ್ದನ್ನೆಲ್ಲ ಕತ್ತರಿಸಿ, ಬರೀ ಮರಳಿನಲ್ಲಿ ನಿಲ್ಲಿಸಿ ತನ್ನ ಕೋಣೆಯ ನೆರಳಿಗೆ ಇಟ್ಟುಕೊಂಡಳು. "ಹಸಿದಿರೋರ್ಗೆ ತುರುಕೋದೂ ಒಂದು ಕೊಲೆ ಕಣಯ್ಯಾ" ಅಂದಳು, ಅಷ್ಟೇ.

ಮುಂದಿನ ಸಲ ತಂಗಿ ಬಂದಾಗ ಗಿಡ ಕಾಣಲಿಲ್ಲ. "ಬಿಸಾಕಿದ್ರಾ? ಒಳ್ಳೇದಾಯ್ತು. ಆರು ತಿಂಗ್ಳು ನೋಡಾನ" ಅಂದಳು. ಹ್ಞೂಂ ಅಂದೆ. ಆರು ತಿಂಗಳು ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ತಿಂಗಳು ತಿಂಗಳೂ ಹೆಂಡತಿ ಸೊಸೆಯ ಮುಖ ನೋಡುವುದು, ಸೊಸೆ ನೆಲ ನೋಡುವುದು. ಕೆಳಗೆ ಮಗ್ಗದ ಟಕಟಕ ಮಾತ್ರ. ಆರು ತಿಂಗಳಾಯಿತು. ಏನೂ ಆಗಲಿಲ್ಲ.

ತಂಗಿ ಹೆಂಡತಿಗೆ ಫೋನು ಮಾಡಿದಳು. "ಗಿಡ ತೆಗೆದ್ರೂ ಆಗ್ಲಿಲ್ಲ ಅಂದ್ರೆ ದೋಷ ಹುಡುಗೀದೇ ಅತ್ತಿಗೆ. ಸುಮ್ನೆ ತೌರಿಗೆ ಕಳ್ಸಿ. ಮುಂದಿನ ಮಾತು ಭಾನುವಾರ ಬಂದು ಆಡ್ತೀನಿ."

ಮುಂದಿನ ಮಾತು ಏನೆಂದು ಎಲ್ಲರಿಗೂ ಗೊತ್ತಿತ್ತು. ಮಗ ಬಾಯಿ ಬಿಡಲಿಲ್ಲ. ದುಡಿಯದೆ ಮಂಚದ ಮೇಲಿರುವವನು ನಾನು, ನನ್ನ ಮಾತು ಯಾರು ಕೇಳುತ್ತಾರೆ? ಹತ್ತಿ ಅಕ್ಕನ ಮುಂದೆ ಕೂತು ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

"ನಾನ್ಯಾಕೆ ಒಂಟಿ ಅಂತ ನೀನು ಒಂದಿನಾನೂ ಕೇಳ್ಲಿಲ್ಲ. ಅದಕ್ಕೇ ನಿನ್ ಜೊತೆ ಮಾತಾಡ್ತಿದ್ದೆ. ಈಗ ಕೇಳು. ಮದುವೆಯಾಗಿ ಆರು ವರ್ಷಕ್ಕೆ ನನ್ನ ತೌರಿಗೆ ಕಳಿಸಿದ್ರು. ಮತ್ತೆ ಕರೀಲಿಲ್ಲ. ಆಗ ನನ್ನತ್ರ ಒಂದ್ ತಟ್ಟೆಮರಾನೂ ಇರ್ಲಿಲ್ಲ ಮರದಯ್ಯಾ. ತಪ್ಪು ಹಾಕೋದಕ್ಕೆ ಬೇರೇನೂ ಸಿಗ್ಲಿಲ್ಲ ಅವರಿಗೆ. ನನ್ನ ಮೇಲೇ ಹಾಕಿದ್ರು."

ಅವಳು ಎದ್ದು ನೆರಳಿನಿಂದ ನನ್ನ ಹುಣಸೆಯನ್ನು ತಂದಳು. ಮೊಂಡಾಗಿದ್ದ ಕೊಂಬೆಗಳಲ್ಲಿ ಕೆಂಪು ಚಿಗುರು.

"ನಿಮ್ಮನೇಲಿ ಗಿಡ ಐತಲ್ಲ. ಬೈಗುಳ ಅದರ ಮೇಲೇ ಬೀಳ್ಲಿ. ಬಾಗಿಲಲ್ಲೇ ಇಡು, ಬಂದೋರಿಗೆ ಮೊದಲು ಅದೇ ಕಾಣ್ಬೇಕು. ಅದಕ್ಕೆ ನೋವಾಗಲ್ಲ. ಆ ಹುಡುಗಿಗೆ ಆಗ್ತದೆ."

ಭಾನುವಾರ ತಂಗಿ ಮೆಟ್ಟಿಲು ಹತ್ತಿ ಬಂದಾಗ ಬಾಗಿಲ ಪಕ್ಕದ ಕಲ್ಲಿನ ಮೇಲೆ ಹುಣಸೆ, ಅದರ ಪಕ್ಕ ಕುರ್ಚಿಯಲ್ಲಿ ನಾನು.

"ಇದಿನ್ನೂ ಐತಾ?" ಅಂದಳು.

"ಎಲ್ಲಿಗೋಯ್ತು? ಮೇಲೇ ಇತ್ತು. ನಿಂಗೆ ಸುಳ್ಳು ಹೇಳ್ದೆ. ದೋಷ ಅಂತ ಇದ್ರೆ ನನ್ನ ಗಿಡದ್ದು, ಇಟ್ಕೊಂಡಿರೋ ನಂದು. ಗಿಡಾನ ನಾನು ಬಿಡಲ್ಲ."

"ನಿಂಗೇನ್ ತಲೆ ಕೆಟ್ಟೈತಾ ಅಣ್ಣಾ? ಮೊಮ್ಮಕ್ಕಳು ಬೇಡ್ವಾ?"

"ಬೇಕು ಕಣಮ್ಮಾ. ಆದ್ರೆ ಈ ಗಿಡ ಇರೋವರೆಗೂ ಹುಡುಗಿ ಮೇಲೆ ತಪ್ಪು ಹೊರಿಸಂಗಿಲ್ಲ. ಯಾರನ್ನಾದ್ರೂ ಕಳಿಸ್ಬೇಕಂದ್ರೆ ಮೊದ್ಲು ಗಿಡ ಕಳಿಸಿ, ಅದರ ಜೊತೆ ನನ್ನೂ ಎತ್ತಿ ಕೆಳಗಿಳಿಸಿ. ಇಬ್ಬರು ಬೇಕು, ನೋಡು, ನನ್ನ ಇಳಿಸೋಕೆ."

ತಂಗಿ ಅತ್ತಳು, ಬಯ್ದಳು, ಊಟ ಮಾಡದೆ ಹೋದಳು. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಬೆಳಗ್ಗೆ ಸೊಸೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು, "ಮಾವ, ಇನ್ಮೇಲೆ ಇದಕ್ಕೆ ನೀರು ನಾನೇ ಹಾಕ್ಲಾ?" ಅಂದಳು. ಮುಖ ತಿರುಗಿಸಿಕೊಂಡು, "ಜಾಸ್ತಿ ಹಾಕ್ಬೇಡ" ಅಂದೆ.

ಅಲ್ಲಿಂದ ನೆಂಟರಿಷ್ಟರಿಗೆಲ್ಲ ನಾನೇ ಹುಚ್ಚ. ಮಗನ ವಂಶವನ್ನೇ ತಟ್ಟೆಯಲ್ಲಿಟ್ಟು ಕೊಂದ ಮುದುಕ. ನಿಜ ಹೇಳುತ್ತೇನೆ, ನನಗೂ ಒಳಗೊಳಗೇ ಭಯ. ಅವರು ಹೇಳುವುದೇ ಸರಿಯಿದ್ದರೆ? ಗಿಡ ಇಟ್ಟುಕೊಂಡರೆ ವಂಶ ನಿಲ್ಲಿಸಿದ ಪಾಪ, ಬಿಸಾಡಿದರೆ ಹುಡುಗಿಯ ಕತ್ತಿಗೆ ಬರುತ್ತದೆ. ಗೋಡೆ ನೋಡುತ್ತಾ ಕೂತ ದಿನಗಳಲ್ಲೂ ಅಷ್ಟು ಉಸಿರು ಕಟ್ಟಿರಲಿಲ್ಲ. ಬಿಸಿಲಿಲ್ಲದ ಬಾಗಿಲಲ್ಲಿ ಹುಣಸೆಯೂ ಬೆಳಕಿನ ಕಡೆಗೆ ಕತ್ತು ಚಾಚಿ ವಾಲಿತು. ಅಕ್ಕ ವಾರಕ್ಕೊಮ್ಮೆ ತಟ್ಟೆ ತಿರುಗಿಸಿಟ್ಟು, "ಇನ್ನೊಂದಿಷ್ಟು ದಿನ ತಡಕೋ" ಅನ್ನುತ್ತಿದ್ದಳು. ಹೇಳಿದ್ದು ಗಿಡಕ್ಕೋ ನನಗೋ ಅಂತ ನಾನು ಕೇಳಲಿಲ್ಲ.

ಎರಡು ವರ್ಷದ ಕೆಳಗೆ ಅಕ್ಕ ಮಲಗಿದಳು. ಹೊಟ್ಟೆಯಲ್ಲಿ ಗಡ್ಡೆ ಅಂದರು. ನಾನು ದಿನವೂ ಹತ್ತಿ ಹೋಗಿ ಅವಳ ಗಿಡಗಳಿಗೆ ನೀರು ಹಾಕಿ, ಹಾಸಿಗೆಯ ಪಕ್ಕ ಕೂರುತ್ತಿದ್ದೆ. ಒಂದು ಸಂಜೆ ದಿಂಬಿನ ಕೆಳಗಿಂದ ಕತ್ತರಿ ತೆಗೆದು ನನ್ನ ಕೈಗಿಟ್ಟಳು.

"ಗಿಡ ಎಲ್ಲೈತೆ?"

"ಬಾಗಿಲಲ್ಲೇ ಐತೆ ಅಕ್ಕಾ."

"ಅಲ್ಲೇ ಇರ್ಲಿ."

ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಎರಡನೇ ದಿನ ಬೆಳಗ್ಗೆ ತೀರಿಹೋದಳು. ಅವಳ ತಮ್ಮನ ಮಕ್ಕಳು ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ನಮ್ಮ ಬಾಗಿಲ ಹತ್ತಿರ ಮೆಟ್ಟಿಲು ತಿರುಗುವ ಕಡೆ ಇಕ್ಕಟ್ಟು. "ತಾತಾ, ಆ ಕುಂಡ ಒಸಿ ಸರಿಸಿ" ಅಂದರು. ನಾನು ಸರಿಸಲಿಲ್ಲ. ಅವರು ಕುರ್ಚಿಯನ್ನು ಗಿಡದ ಮುಂದೆ ಒಂದು ಗಳಿಗೆ ಇಳಿಸಿ, ದಮ್ಮು ಕಟ್ಟಿಕೊಂಡು, ಮೇಲಕ್ಕೆತ್ತಿ ದಾಟಿಸಿಕೊಂಡು ಹೋದರು. ಕೆಳಗೆ ಮಾಲೀಕರು ಆರೂ ಮಗ್ಗ ನಿಲ್ಲಿಸಿದ್ದರು. ಆ ಮನೆಯಲ್ಲಿ ಅಷ್ಟು ಸದ್ದಿಲ್ಲದ ಬೆಳಗು ನಾನು ಕಂಡಿರಲಿಲ್ಲ.

ಹೋದ ಮಳೆಗಾಲಕ್ಕೆ ಮುಂಚೆ ಒಂದು ದಿನ ಸೊಸೆ ಗಿಡಕ್ಕೆ ನೀರು ಹಾಕುತ್ತಾ ಹಾಕುತ್ತಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಹೆಂಡತಿ ಹಿಂದೆಯೇ ಓಡಿದಳು. ಹೊರಗೆ ಬಂದಾಗ ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ಎದ್ದು ನಿಂತುಬಿಟ್ಟೆ, ಊರುಗೋಲಿಲ್ಲದೆ! ಏಳನೇ ತಿಂಗಳಲ್ಲಿ ಸೊಸೆಯನ್ನು ತೌರಿಗೆ ಕಳಿಸಿದೆವು. ತಂಗಿ ಹಿಂದೆ ಹೇಳಿದ ಹಾಗಲ್ಲ, ಹೊಸ ಸೀರೆ ಉಡಿಸಿ, ಮಡಿಲು ತುಂಬಿಸಿ, ಹೊಸಕೋಟೆಯವರೆಗೂ ಕಾರು ಮಾಡಿ.

ಹೋದ ತಿಂಗಳು ಕೂಸು ಮನೆಗೆ ಬಂತು. ಮೊನ್ನೆ ತಂಗಿ ಬಂದಳು. ಕೂಸಿನ ದೃಷ್ಟಿ ತೆಗೆದು, ಮುದ್ದಾಡಿ, ಆಮೇಲೆ ಬಾಗಿಲಿಗೆ ಬಂದು ಹುಣಸೆಯ ಮುಂದೆ ತುಂಬಾ ಹೊತ್ತು ನಿಂತಳು. ಅನ್ನಬೇಕೆಂದು ಮೂರು ವರ್ಷದಿಂದ ಕೂಡಿಟ್ಟಿದ್ದ ಮಾತು ಎಷ್ಟೋ ಇದ್ದವು, ಒಂದೂ ಬಾಯಿಗೆ ಬರಲಿಲ್ಲ. ಅಷ್ಟು ಸಂತೋಷ.

ಕೊನೆಗೆ ಅವಳೇ ಮೆಲ್ಲಗೆ, "ಅಣ್ಣಾ, ನನ್ನ ಮಗಳಿಗೂ ಐದು ವರ್ಷ ಆಯ್ತು. ಇಂಥದ್ದೊಂದು ಮಾಡ್ಕೊಡ್ತೀಯಾ ಅವಳ ಮನೆಗೆ?" ಅಂದಳು.

"ಇದ್ರಿಂದ ಕೂಸಾಗ್ಲಿಲ್ಲ ಕಣಮ್ಮಾ."

"ಗೊತ್ತು," ಅಂದಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. "ಅವರತ್ತೆ ಮನೆಯವರು ಏನೇನೋ ಅಂತಾವ್ರೆ. ಅದಕ್ಕೇ."

ಅರ್ಥವಾಯಿತು. ನನ್ನ ತಂಗಿಗೂ ಅರ್ಥವಾಗಿತ್ತು. ಅಡುಗೆಮನೆಯಿಂದ ಹತ್ತು ಬೀಜ ಆರಿಸಿ ತಂದು ಒಂದೊಂದನ್ನೇ ಒತ್ತಿ ನೋಡಿ ಎತ್ತಿಟ್ಟೆ. "ಈಗ್ಲೇ ಹಾಕ್ಬಿಡು" ಅಂದಳು. "ಭರಣಿ ಬರ್ಲಿ" ಅಂದೆ.

ಅವಳು ಹೋದ ಮೇಲೆ ಹುಣಸೆಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲಿಗೆ ಬೆನ್ನು ಮಾಡಿ ಕೂತೆ. ಒಂದು, ಎರಡು, ಹನ್ನೆರಡು. ಶೀಟಿನ ಕೋಣೆಗೆ ಬೀಗ. ಗಿಡಗಳನ್ನೆಲ್ಲ ತಮ್ಮನ ಮಕ್ಕಳು ಒಯ್ದ ಮೇಲೆ, ಅಕ್ಕ ತಟ್ಟೆಗಳನ್ನು ಇಡುತ್ತಿದ್ದ ಕಲ್ಲುಚಪ್ಪಡಿ ಖಾಲಿ, ಬಿಸಿಲಿಗೆ ಕಾದಿತ್ತು. ಒಂದು ಚೊಂಬು ನೀರು ಹುಯ್ದು ತಣಿಸಿ, ಮರವನ್ನು ಅದರ ಮೇಲಿಟ್ಟೆ. ವಾಲಿದ ಕಡೆಯನ್ನು ನೆರಳಿಗೆ ತಿರುಗಿಸಿದೆ, ಅವಳು ತಿರುಗಿಸುತ್ತಿದ್ದ ಹಾಗೆ. "ಅಕ್ಕಾ, ಬಾಗಿಲ ಕೆಲಸ ಮುಗೀತು. ಹೆಣ್ಣುಕೂಸು" ಅಂದೆ.

ಕೆಳಗಿಂದ ಅಳು ಕೇಳಿಸಿತು. "ಮಾವ, ಎತ್ಕೊಳೋಕೆ ಬನ್ನಿ, ನಿಮ್ಮನ್ನೇ ಕೇಳ್ತಾವ್ಳೆ!" ಅಂತ ಸೊಸೆ ಕೂಗಿದಳು. ಕತ್ತರಿಯನ್ನು ಜೇಬಿಗೆ ಹಾಕಿಕೊಂಡು, ಕೈಯೂರಿ, ಇಳಿಯಲು ಶುರುಮಾಡಿದೆ.